ನಲವತ್ತೊಂದು ಮಾತಿನ ದೋಣಿ

ಸೋಮನಿಂಗ ಹಿನ್ನೀರಿನಲ್ಲಿ ದೋಣಿ ನಡೆಸತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಗಾಳಿಗೆ ಹೆದರಿದ್ದುಂಟು, ತೆರೆಗೆ ಹೆದರಿದ್ದುಂಟು, ಪರವಾನಗಿ ನೋಡಲು ಬರುವ ಸಾಹೇಬರಿಗಂತೂ ವರ್ಷಕ್ಕೊಮ್ಮೆ ತಪ್ಪದೆ ಹೆದರಿದ್ದುಂಟು. ಆದರೆ ಆಚೆ ದಂಡೆ ಎಲ್ಲಿ ಬೇಗ ಬಂದುಬಿಡುತ್ತದೋ ಎಂದು ಹೆದರಿದ್ದು ಆಷಾಢದ ಆ ಸೋಮವಾರ ಒಂದೇ ದಿನ.

ಆಚೆ ದಂಡೆಯಲ್ಲಿ ಇಂದ್ರಾಬಾಯಿಯ ಮನೆ ಇತ್ತು. ಈ ದೋಣಿಯ ಮೊದಲಿನ ಒಡೆಯ, ಹತ್ತು ವರ್ಷದ ಹಿಂದೆ ತೀರಿಕೊಂಡ ಅಂಬಿಗರ ಗುರಣ್ಣ, ಆಕೆಯ ಗಂಡ. ಸೋಮನಿಂಗನ ಮಗಳು ಮಾಲಾ, ಇಂಡಿಯಿಂದ ಬಂದ ಬಸಂತರಾಯರನ್ನು ಕರೆದುಕೊಂಡು, ಆ ಮುದುಕಿಯನ್ನು ಒಂದು ವಿಷಯ ಕೇಳಲು ಹೊರಟಿದ್ದಳು. ಮುದುಕಿ ಬಾಯಿ ತೆರೆದಳೆಂದರೆ ಮಾಲಾ ಹತ್ತು ಜನರ ಮುಂದೆ ಸುಳ್ಳುಗಾತಿಯಾಗುತ್ತಿದ್ದಳು. ಇದು ಮಾಲಾಗೆ ಗೊತ್ತಿರಲಿಲ್ಲ. ಅವಳ ಅಪ್ಪನಿಗೆ ಗೊತ್ತಿತ್ತು.

ಸೋಮನಿಂಗನ ದೋಣಿ ಹತ್ತಿದವರಿಗೆ ಒಂದಾದರೂ ಕಥೆ ಪುಕ್ಕಟೆ ಸಿಗುತ್ತಿತ್ತು. ನಾವು ದಿನಾ ಆಡುವ ಮಾತುಗಳೆಲ್ಲ ದೋಣಿಯಲ್ಲೇ ಹುಟ್ಟಿದವು ಎಂಬುದು ಅವನ ವಾದ. ನಡುನೀರಲ್ಲಿ ಕೈಬಿಡುವುದು, ದಡ ಮುಟ್ಟಿಸುವುದು, ಇವು ದೋಣಿಯ ಮಾತು ಎಂದು ಕೂಸಿಗೂ ಗೊತ್ತು, ಅದನ್ನು ಹೇಳಲು ಸೋಮನಿಂಗನೇ ಬೇಕೆ? ಅವನು ಹೇಳುತ್ತಿದ್ದದ್ದು ಬೇರೆ. ಒಬ್ಬ ಅಲ್ಲಿಂದ ಕಾಲು ಕಿತ್ತ ಎನ್ನುತ್ತೇವಲ್ಲ, ಅದು ದಂಡೆಯ ರಾಡಿಯದಂತೆ. ದೋಣಿ ಹೊರಡುವಾಗ ಮೊಣಕಾಲಿನವರೆಗೆ ಹೂತ ಕಾಲನ್ನು ಕೀಳದವನು ದಂಡೆಯಲ್ಲೇ ಉಳಿಯುತ್ತಿದ್ದನಂತೆ. ಯಾರೋ ಯಾರಿಗೋ ಗಂಟುಬಿದ್ದ ಎನ್ನುತ್ತೇವಲ್ಲ, ಅದು ಸೆಳವಿನಲ್ಲಿ ಎರಡು ದೋಣಿಯ ಹಗ್ಗ ತೊಡರಿಕೊಂಡದ್ದಂತೆ. ಬೆನ್ನಿಗೆ ನಿಂತವನು ಎಂದರೆ ಉದ್ದನೆಯ ಬಿದಿರಿನ ಗಳ ಹಿಡಿದು ದೋಣಿಯ ಹಿಂತುದಿಯಲ್ಲಿ ನಿಲ್ಲುವ ಅಂಬಿಗನಂತೆ. ಇದನ್ನೆಲ್ಲ ನಿನಗೆ ಯಾರು ಹೇಳಿದರೋ ಎಂದು ಯಾರಾದರೂ ಕೇಳಿದರೆ, 'ಗುರಣ್ಣ ಹೇಳತಿದ್ದ' ಎಂದುಬಿಡುತ್ತಿದ್ದ. ಸತ್ತವನನ್ನು ಎಬ್ಬಿಸಿ ಕೇಳಲು ಯಾರಿಗೆ ಪುರುಸೊತ್ತಿತ್ತು?

ಮಾಲಾಗೆ ಪುರುಸೊತ್ತಿತ್ತು. ಅವಳು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ರಜೆಗೆ ಬಂದಾಗಲೆಲ್ಲ ಅಪ್ಪನ ಎದುರು ಕುಳಿತು ಒಂದೊಂದೇ ಮಾತನ್ನು ಬರೆದುಕೊಂಡು, ಎರಡು ವರ್ಷದಲ್ಲಿ ನಲವತ್ತೊಂದು ಮಾತು ಕೂಡಿಹಾಕಿ, ವಹಿಯ ಮೊದಲ ಪುಟದಲ್ಲಿ 'ಅಂಬಿಗರ ಗುರಣ್ಣ ಹೇಳಿದ ಮಾತಿನ ಮೂಲಗಳು' ಎಂದು ದುಂಡಗೆ ಬರೆದಳು. ಅದರ ಪ್ರತಿಯನ್ನು ಬಸಂತರಾಯರಿಗೆ ಕಳಿಸಿದಳು. ಬಸಂತರಾಯರು ಕಾಲೇಜಿನಿಂದ ನಿವೃತ್ತರಾದ ಮೇಲೆ ಈ ಭಾಗದ ಆಡುಮಾತಿನ ಒಂದು ಪುಸ್ತಕ ತಯಾರಿಸುತ್ತಿದ್ದರು. ಓದಿ ಖುಷಿಪಟ್ಟರು. ಖುಷಿಪಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಇಂಡಿ, ಸಿಂದಗಿ ಕಡೆ ಭೀಮೆಯ ದಂಡೆಗುಂಟ ತಿರುಗಿ ಮುದಿ ಅಂಬಿಗರನ್ನೆಲ್ಲ ವಿಚಾರಿಸಿದರು. ಒಬ್ಬನೂ ಇಂಥದ್ದನ್ನು ಕೇಳಿರಲಿಲ್ಲ. ಆಗ ಮಾಲಾಗೆ ಫೋನು ಮಾಡಿ, 'ಗುರಣ್ಣ ಭಾರೀ ಶಾಣ್ಯಾ ಇರಬೇಕು, ಇಲ್ಲಾ ನೀ ಭಾರೀ ಶಾಣ್ಯಾಕಿ ಇರಬೇಕು' ಎಂದರು. ಮಾಲಾಗೆ ಅದು ಚುಚ್ಚಿತು. 'ಗುರಣ್ಣನ ಹೆಂಡತಿ ಇನ್ನೂ ಅದಾಳ್ರಿ ಸರ. ಬರ್ರಿ, ಆಕೀನಽ ಕೇಳೂಣು' ಎಂದಳು.

ಸುದ್ದಿ ಅಪ್ಪನಿಗೆ ಮುಟ್ಟಿದ್ದು ಭಾನುವಾರ ಸಂಜೆ. ಅವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಹೆಂಡತಿ ಕಾಶಿಬಾಯಿಯ ಮುಂದೆ ಮೊದಲ ಬಾರಿ ಒಪ್ಪಿಕೊಂಡ: ಗುರಣ್ಣ ಹೇಳಿದ್ದಲ್ಲ, ತಾನೇ ಕಟ್ಟಿದ್ದು.

'ನನಗೇನ ಗೊತ್ತಿಲ್ಲಂದ್ಕೊಂಡೀ?' ಎಂದಳು ಕಾಶಿಬಾಯಿ. 'ಗುರಣ್ಣ ಎರಡು ಮಾತಾಡಾವಲ್ಲ, ನಲವತ್ತೆಲ್ಲಿಂದ ಆಡ್ತಾನ? ಇಂದ್ರಾಬಾಯಿ ಬಾಯಿಂದ ಕೇಳೂಕಿಂತ ಮದಲ ಮಗಳು ನಿನ್ನ ಬಾಯಿಂದ ಕೇಳಲಿ. ದೋಣಿ ಆಚೀ ದಂಡಿ ಮುಟ್ಟೂದ್ರಾಗ ಹೇಳು.'

ಬೆಳಿಗ್ಗೆ ಹೇಳಿಬಿಡಬೇಕೆಂದು ಸೋಮನಿಂಗ ಗಟ್ಟಿ ಮನಸ್ಸು ಮಾಡಿದ್ದ. ಆದರೆ ಬಸಂತರಾಯರು ಮಾಲಾಳ ಮಗ್ಗುಲು ಬಿಟ್ಟು ಸರಿಯಲಿಲ್ಲ. ಮನಗೂಳಿಯಲ್ಲಿ ಬಸ್ಸು ಬದಲಿಸಿದ ಕಥೆಯಿಂದ ಹಿಡಿದು ಗೊಳಸಂಗಿಯಲ್ಲಿ ಕುಡಿದ ಚಹಾದ ತನಕ ಹೇಳುತ್ತಲೇ ದಂಡೆಗಿಳಿದರು. ಆರಡಿ ಎತ್ತರದ ಆಳು, ಬಿಳಿ ಧೋತರ, ಕಂಕುಳಲ್ಲಿ ಕೊಡೆ. ಜಾಕೀಟು ಹಾಕಿಕೊಳ್ಳಿರೆಂದು ಸೋಮನಿಂಗ ನೀರಿನಲ್ಲಿ ತೇಲಿಸುವ ಕಿತ್ತಳೆ ಜಾಕೀಟನ್ನು ಕೊಟ್ಟರೆ ಅದನ್ನು ಹಲಗೆಯ ಮೇಲೆ ಹಾಸಿ ಅದರ ಮೇಲೆ ಕುಳಿತರು. ಎಲ್ಲರೂ ಮಾಡುವುದೇ ಅಷ್ಟು. ಬಳೆ ಮಾರುವ ಸುಲ್ತಾನಬಿ, ಸಂತೆಗೆ ಹೊರಟ ಐದಾರು ಜನ, ಇವರೆಲ್ಲ ಹತ್ತಿದ ಮೇಲೆ ದೋಣಿ ಹೊರಟಿತು. ಮಾಲಾ ಬಸಂತರಾಯರ ಎದುರಿಗೆ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳ ಮುಖದಲ್ಲಿದ್ದ ಧೈರ್ಯ ನೋಡಿ ಸೋಮನಿಂಗ ಕಣ್ಣನ್ನು ನೀರಿನ ಕಡೆ ತಿರುಗಿಸಿದ. ಅದು ಅವನನ್ನು ನಂಬಿ ಬಂದ ಧೈರ್ಯವಾಗಿತ್ತು.

ಮೊದಲೇ ಹೇಳಬೇಕಾದ ಒಂದು ಮಾತಿದೆ: ಸೋಮನಿಂಗ ಹುಟ್ಟಾ ಅಂಬಿಗನಲ್ಲ, ಕುರುಬ. ಅಪ್ಪ, ಅಜ್ಜ, ಮುತ್ತಜ್ಜ ಕಾಯ್ದದ್ದು ಕುರಿ. ಅಣೆಕಟ್ಟಿನ ನೀರು ಏರಿ ಊರು, ಹೊಲ, ಕುರಿ ಮೇಯುವ ಹುಲ್ಲು ಎಲ್ಲ ಒಳಗೆ ಹೋದಾಗ ಹಿಂಡು ಮಾರಿ ಹೊಸ ಊರಿನ ಕಟ್ಟೆಯ ಮೇಲೆ ಕೂತವರಲ್ಲಿ ಅವನೂ ಒಬ್ಬ. ಆಗ ದೋಣಿ ನಡೆಸುತ್ತಿದ್ದವನು ಗುರಣ್ಣ. ಹೊಳೆ ಹರಿಯುವಾಗಿನಿಂದ ನಡೆಸಿದವನು, ಯಾವತ್ತೂ ಎಡವಿದವನಲ್ಲ. ಆದರೆ ಹಿನ್ನೀರಿನಲ್ಲಿ ದಾರಿ ಮುಳುಗಿದ ಊರಿನ ಮೇಲೆಯೇ ಹೋಗುತ್ತಿತ್ತು. ನೀರು ಇಳಿದ ದಿನಗಳಲ್ಲಿ ಗುಡಿಯ ತುದಿ, ಬೋಳು ಬೇವಿನ ಕೊಂಬೆ ಕಾಣುತ್ತಿದ್ದವು. ದೋಣಿ ಅಲ್ಲಿಗೆ ಬಂದದ್ದೇ ತಡ, 'ಅಕಾ ನಮ್ಮ ಮನಿ, ಅಕಾ ನಮ್ಮ ಹಿತ್ತಲ' ಎಂದು ಜನ ಎದ್ದು ನಿಲ್ಲುತ್ತಿದ್ದರು. ಒಬ್ಬರು ಎದ್ದರೆ ಎಲ್ಲರೂ ಒಂದೇ ಮಗ್ಗುಲಿಗೆ. ಹಾಗೆ ಒಂದು ದಿನ ಗುರಣ್ಣನ ದೋಣಿ ಮಗುಚಿ ಬಿತ್ತು. ತಮ್ಮ ಮನೆಯ ಮಾಳಿಗೆಯ ಮೇಲೆಯೇ ಇಬ್ಬರು ಹೆಂಗಸರು ನೀರು ಕುಡಿದು ಸತ್ತರು. ಗುರಣ್ಣ ಮತ್ತೆ ಅದನ್ನು ನಡೆಸಲಿಲ್ಲ. ಸೋಮನಿಂಗನಿಗೆ ಒಂದು ಋತು ಕಲಿಸಿ, 'ಹಿಂಡು ಕಾದಾವ ನೀ, ಮಂದೀನೂ ಕಾಯಿ' ಎಂದು ದೋಣಿ ಒಪ್ಪಿಸಿ, ಆಚೆ ದಂಡೆಗೆ ಹೋಗಿ ಕುಳಿತುಬಿಟ್ಟ.

ಕುರಿಯವನಿಗೆ ಒಂದು ಗೊತ್ತು. ಹಿಂಡಿನಲ್ಲಿ ಬೆದರಿ ಮೊದಲು ಏಳುವ ಕುರಿ ಯಾವುದೆಂದು ನೋಡಿ, ಅದರ ಗಮನ ಹಿಡಿದರೆ ಉಳಿದವು ಏಳುವುದಿಲ್ಲ. ದೋಣಿ ಬೇವಿನ ಮರದ ಹತ್ತಿರ ಬಂದಾಗ ಯಾರ ಕಾಲು ತುಡಿಯುತ್ತದೋ ಅವರ ಕಡೆ ತಿರುಗಿ ಸೋಮನಿಂಗ ಒಂದು ಕಥೆ ತೆಗೆಯುತ್ತಿದ್ದ. ಮಾತು ಎಲ್ಲಿಂದ ಬಂತು ಗೊತ್ತೇನು ಎಂದರೆ ಯಾರಿಗೂ ಏಳಲು ಮನಸ್ಸಾಗುತ್ತಿರಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಊರು ಹಿಂದೆ ಉಳಿದಿರುತ್ತಿತ್ತು. ಒಂದೇ ಕಥೆಗೆ ದಿನಾ ಬರುವವರು ಬೇಸತ್ತರು, ಎರಡನೆಯದು ಬೇಕಾಯಿತು, ಮೂರನೆಯದು ಬೇಕಾಯಿತು. ಕುರುಬನ ಮಾತನ್ನು ಯಾರು ನಂಬುತ್ತಾರೆಂದು ಗುರಣ್ಣನ ಹೆಸರು ಹಾಕಿದ. ಹಾಗೆ ನಲವತ್ತಾದವು. ಇಪ್ಪತ್ತೆರಡು ವರ್ಷದಲ್ಲಿ ಅವನ ದೋಣಿಯಿಂದ ಒಂದು ಕೊಡವೂ ನೀರಿಗೆ ಬಿದ್ದಿರಲಿಲ್ಲ.

ಅಂದು ಪಡುವಣ ಗಾಳಿ ಹತ್ತು ಗಂಟೆಗೇ ಜೋರಾಯಿತು. ಎದುರಿನಿಂದ ತೆರೆ ಬಡಿಯತೊಡಗಿತು. ಸೋಮನಿಂಗನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. 'ಮಾಲಾ, ಒಂದು ಮಾತು' ಎಂದು ಎರಡು ಸಲ ಬಾಯಿ ತೆರೆದು ಮೋಟಾರಿನ ಸದ್ದಿನ ನೆಪ ಮಾಡಿ ಮುಚ್ಚಿಕೊಂಡ. ಆ ಎರಡನೆಯ ಸಲ ತಲೆ ತಗ್ಗಿಸಿದ್ದರಿಂದಲೇ ಎದುರಿಗೆ ತೇಲುತ್ತಿದ್ದ ಬಲೆಯ ಬೆಂಡುಗಳು ಅವನಿಗೆ ಕಾಣಲಿಲ್ಲ. ಮೋಟಾರು ಒಮ್ಮೆ ಗೊರಗುಟ್ಟಿ ನಿಂತಿತು. ನೀರೊಳಗಿನ ಪಂಖಕ್ಕೆ ಮೀನಿನ ಬಲೆ ಸುತ್ತಿಕೊಂಡಿತ್ತು. ದೋಣಿ ನಿಧಾನಕ್ಕೆ ತಿರುಗಿ ಗಾಳಿಗೆ ಅಡ್ಡವಾಯಿತು. ಮೊದಲ ತೆರೆ ಅಂಚು ದಾಟಿ ಒಳಗೇ ಬಂತು.

ಇಂಥದ್ದರಲ್ಲಿ ಮಾಡುವ ಕೆಲಸ ಒಂದೇ. ಹಿಂತುದಿಯ ಮೇಲೆ ಬೋರಲು ಮಲಗಿ, ಕುಡಗೋಲಿನಿಂದ ಬಲೆ ಕೊಯ್ಯಬೇಕು. ಅಷ್ಟು ಹೊತ್ತು ಯಾರೂ ಅಲುಗಬಾರದು. ಅಂಚು ಹಿಡಿದು ಬಾಗಿದರೂ ಸಾಕು, ದೋಣಿ ಮಗುಚುತ್ತದೆ.

'ಎಲ್ಲಾರೂ ತಲಿ ಮ್ಯಾಲೆ ಕೈ ಹೊತ್ತು ಕುಂದರ್ರಿ! ಅಂಚು ಹಿಡೀಬ್ಯಾಡ್ರಿ!' ಎಂದು ಕೂಗಿ ಸೋಮನಿಂಗ ಮಲಗಿದ.

ದಿನಾ ಬರುವವರು ಹಾಗೆಯೇ ಮಾಡಿದರು. ಸುಲ್ತಾನಬಿ ಬಳೆಯ ಬುಟ್ಟಿಯನ್ನು ಮೊಣಕಾಲ ನಡುವೆ ಒತ್ತಿಕೊಂಡು ಎರಡೂ ಕೈ ತಲೆಯ ಮೇಲಿಟ್ಟಳು. ಮಾಲಾ ವಹಿಯನ್ನು ಸೆರಗಿನಡಿ ಸೊಂಟಕ್ಕೆ ಸಿಕ್ಕಿಸಿ ಕೈ ಎತ್ತಿದಳು. ಬಸಂತರಾಯರು ಎತ್ತಲಿಲ್ಲ. ಮನೆಯಲ್ಲಿ ಸಾವಾದಾಗ ಕೂಡ್ರುವ ರೀತಿ ಅದು. ಮಕ್ಕಳು ಹಾಗೆ ಕುಳಿತರೆ ಬಡಿದು ಕೈ ಇಳಿಸುವ ಜನ ನಮ್ಮವರು. 'ಇದೇನ ಅಪಶಕುನ!' ಎಂದು ಒಂದು ಕೈಯಿಂದ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಊರಿ, ಏಳಲು ಅನುವಾದರು. ಅವರ ಮಗ್ಗುಲಿನವನೂ ಕೈ ಇಳಿಸಿದ. ದೋಣಿ ಒಂದು ಗೇಣು ವಾಲಿತು.

ಸೋಮನಿಂಗ ನೀರಿನಲ್ಲಿ ಕೈ ಇಟ್ಟುಕೊಂಡೇ ಕತ್ತು ತಿರುಗಿಸಿ ನೋಡಿದ. ಮೊದಲು ಏಳುವುದು ಇದೇ.

'ಸಾಹೇಬ್ರ, ತಲಿ ಮ್ಯಾಲೆ ಕೈ ಹೊತ್ತು ಕುಂತ ಅಂತೇವಲ್ರಿ, ಆ ಮಾತು ಎಲ್ಲಿಂದ ಬಂತು ಗೊತ್ತೈತೇನ್ರಿ?' ಎಂದು ಕೂಗಿದ. 'ದೋಣಿಯಿಂದಽ ರೀ. ಸುಳಿಯಾಗ ಸಿಕ್ಕಾಗ ಅಂಬಿಗ ಎಲ್ಲಾರ ಕೈ ತಲಿ ಮ್ಯಾಲೆ ಇಡಸತಿದ್ದ, ಒಬ್ಬರನ್ನೊಬ್ಬರು ಹಿಡದು ಎಳೀಬಾರದಂತ. ದಂಡಿ ಮ್ಯಾಲಿನ ಮಂದಿ ಅದನ್ನ ನೋಡಿ ಅಳಾಕತ್ತಾರ ಅಂದ್ಕೊಂಡ್ರು!'

ಬಸಂತರಾಯರು ಅರ್ಧ ಎದ್ದಲ್ಲೇ ನಿಂತರು. ಹೆದರಿಕೆಯ ನಡುವೆಯೂ ಅವರ ಕಣ್ಣು ಕಿರಿದಾಯಿತು.

'ಇದು ವಹಿಯಾಗ ಇಲ್ಲ. ಇದನ್ನೂ ಗುರಣ್ಣ ಹೇಳಿದ್ನೇನು?'

ಹೌದು ಎಂದರೆ ಮಾತು ಅಲ್ಲಿಗೇ ಮುಗಿಯಿತು; ಅವರು ಅದನ್ನು ಮನಸ್ಸಿನಲ್ಲಿ ಬರೆದುಕೊಂಡು ಮತ್ತೆ ನೀರಿನ ಕಡೆ ನೋಡುತ್ತಾರೆ, ಮತ್ತೆ ಏಳುತ್ತಾರೆ. ಇನ್ನೊಂದು ತೆರೆ ಬಂದು ಸೋಮನಿಂಗನ ಬೆನ್ನ ಮೇಲೆ ಒಡೆಯಿತು. ಮಗಳು ಅವನನ್ನೇ ನೋಡುತ್ತಿದ್ದಳು.

'ಇಲ್ರಿ. ನಾನಽ ಕಟ್ಟಿದ್ದು. ಈಗ ಕಟ್ಟಿದೆ.'

'ಏನಂದಿ?'

'ನಾ ಕಟ್ಟೀನ್ರಿ. ಗುರಣ್ಣ ಹೇಳಿಲ್ಲ.'

ಬಸಂತರಾಯರು ಧೊಪ್ಪನೆ ಕುಳಿತರು. ಕೊಡೆ ಕೈಯಿಂದ ಜಾರಿ ದೋಣಿಯೊಳಗಿನ ನೀರಿಗೆ ಬಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. ತೆರೆ, ಗಾಳಿ, ಪ್ರಾಣ ಎಲ್ಲ ಮರೆತುಹೋಯಿತು. ಪ್ರಾಯದಲ್ಲಿ ಸಾವಿರ ಹುಡುಗರ ಉತ್ತರಪತ್ರಿಕೆ ತಿದ್ದಿದ ಮನುಷ್ಯ, ತಪ್ಪು ಸಿಕ್ಕ ಮೇಲೆ ಬಿಟ್ಟಾರೆಯೇ?

'ಹಂಗಾದ್ರ ಕಾಲು ಕಿತ್ತದ್ದು?'

'ಅದೂ ನಾನಽ ರೀ.' ಕುಡಗೋಲಿಗೆ ಬಲೆಯ ಒಂದು ಸುತ್ತು ಕೊಯ್ದು ಬಂತು.

'ಗಂಟು ಬಿದ್ದದ್ದು?'

'ನಾನಽ.' ಇನ್ನೊಂದು ಸುತ್ತು.

'ಬೆನ್ನಿಗೆ ನಿಂತದ್ದು? ಅಯ್ಯೋ, ಅದರ ಮ್ಯಾಲೆ ನಾ ಎರಡು ಪುಟ ಬರದೇನಲ್ಲೋ!'

'ಅದು ಮೂರ್ನಾಕು ವರ್ಷದ ಹಿಂದ ಕಟ್ಟಿದ್ದ ರೀ. ಇಲ್ಲೇ, ಇದಽ ಜಾಗಾದಾಗ.'

ಸೋಮನಿಂಗನಿಗೆ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಒಂದೊಂದು ಮಾತು ಒಪ್ಪಿಕೊಂಡಂತೆ ಮಗಳ ಎರಡು ವರ್ಷದ ಕೆಲಸವನ್ನು ತಾನೇ ಹರಿದು ನೀರಿಗೆ ಹಾಕುತ್ತಿದ್ದ. ನಿಲ್ಲಿಸಬೇಕೆನಿಸಿತು. ನಿಲ್ಲಿಸಿದರೆ ಆ ಉದ್ದನೆಯ ಮನುಷ್ಯ ಏಳುತ್ತಾನೆ, ಅವನ ಹಿಂದೆ ಉಳಿದವರು ಏಳುತ್ತಾರೆ, ಕೆಳಗೆ ಅದೇ ಮಾಳಿಗೆಗಳಿವೆ. ನೀರು ಪಾದ ಮುಳುಗಿಸಿ ಕಾಲಿನ ಹರಡಿಗೆ ಬಂದಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಸುಳ್ಳಿನಿಂದ ಇಪ್ಪತ್ತೆರಡು ವರ್ಷ ಜನರನ್ನು ಕೂಡ್ರಿಸಿದವನು ಅಂದು ಖರೆ ಹೇಳಿ ಕೂಡ್ರಿಸಿದ. ಹತ್ತನೆಯದೋ ಹನ್ನೊಂದನೆಯದೋ ಮಾತಿಗೆ ಬಸಂತರಾಯರು, 'ನನ್ನ ಪುಸ್ತಕದ ಗತಿ ಏನಪಾ' ಎಂದು ತಾವಾಗಿಯೇ ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತುಕೊಂಡರು. ಅಷ್ಟರಲ್ಲಿ ಬಲೆ ಕಳಚಿತು. ಮೂರನೆಯ ಎಳೆತಕ್ಕೆ ಮೋಟಾರು ಹತ್ತಿತು. ದೋಣಿ ಮೂತಿ ತಿರುಗಿಸಿ ತೆರೆಗೆ ಎದುರಾಯಿತು.

ಆ ಮೇಲೆ ದಂಡೆ ಬರುವವರೆಗೆ ಯಾರೂ ತಲೆಯ ಮೇಲಿನ ಕೈ ಇಳಿಸಲಿಲ್ಲ. ಮಾಲಾ ಇಳಿಯುವಾಗ ಅಪ್ಪ ಚಾಚಿದ ಕೈ ಹಿಡಿಯಲಿಲ್ಲ. ಒಬ್ಬಳೇ ರಾಡಿಗೆ ಹಾರಿದಳು.

'ಮಂದಿ ಮುಂದ ಹೇಳಾಕ ಬಂತು. ನನಗ ಒಬ್ಬಾಕಿಗೆ ಹೇಳಾಕ ಬರಲಿಲ್ಲ, ಅಲಾ ಅಪ್ಪಾ?' ಎಂದಳು. ಸೋಮನಿಂಗ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

'ಬಂದದ್ದಂತೂ ಬಂದೇವಿ, ಮುದುಕೀನ ನೋಡಿ ಹೋಗೂಣು' ಎಂದು ಬಸಂತರಾಯರು ಒದ್ದೆ ಧೋತರ ಹಿಂಡಿಕೊಂಡು ಊರ ಕಡೆ ನಡೆದರು. ಮಾಲಾ ಅವರ ಹಿಂದೆ ಹೋದಳು. ಸುಲ್ತಾನಬಿ ಬುಟ್ಟಿ ತಲೆಗೇರಿಸುತ್ತ, 'ಸೋಮಣ್ಣಾ, ಇಷ್ಟ ವರ್ಷ ನಾ ಖರೇ ಅಂದ್ಕೊಂಡಿದ್ದೆ. ನನ್ನ ಮೊಮ್ಮಕ್ಕಳಿಗೂ ಹೇಳೇನಿ' ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಕೆ ಬೈಯಲಿಲ್ಲ.

ಸೋಮನಿಂಗ ನಾಲ್ಕು ತಾಸು ದಂಡೆಯಲ್ಲಿ ಕುಳಿತ. ದೋಣಿಯ ನೀರು ತೋಡಿದ, ಕೊಯ್ದ ಬಲೆಯನ್ನು ಉಂಡೆ ಮಾಡಿದ, ಬಿಚ್ಚಿದ, ಮತ್ತೆ ಉಂಡೆ ಮಾಡಿದ. ಊರಿನಿಂದ ಒಂದು ಬಸ್ಸು ಅಣೆಕಟ್ಟಿನ ಕಡೆ ಹೊರಟಿತು. ಹೊಳೆ ಸುತ್ತಿ ಮನೆ ಮುಟ್ಟಲು ಅದರಲ್ಲಿ ಎರಡು ತಾಸು. ಮಗಳು ಅದರಲ್ಲಿ ಹೋಗಿರುತ್ತಾಳೆ ಎಂದುಕೊಂಡ. ಇನ್ನು ಈ ದೋಣಿ ಹತ್ತುವುದಿಲ್ಲ ಎಂದುಕೊಂಡಾಗ ಮುದಿ ಕಣ್ಣಲ್ಲಿ ನೀರು ಬಂತು, ಯಾರೂ ಇಲ್ಲವೆಂದು ಒರೆಸಿಕೊಳ್ಳಲೂ ಹೋಗಲಿಲ್ಲ.

ಮೂರು ಗಂಟೆಗೆ ಮಾಲಾ ಒಬ್ಬಳೇ ಬಂದಳು. 'ಸರ ಬಸ್ಸಿಗೆ ಹೋದ್ರು' ಎಂದಷ್ಟೇ ಹೇಳಿ, ಮುಂತುದಿಯಲ್ಲಿ ಅಪ್ಪನಿಗೆ ಬೆನ್ನು ಮಾಡಿ ಕುಳಿತಳು. ಇಂದ್ರಾಬಾಯಿ ಏನೆಂದಳೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಗಾಳಿ ತಗ್ಗಿತ್ತು. ಮುಳುಗಿದ ಊರಿನ ಮೇಲೆ ಬಂದಾಗ ಅವಳು ತಿರುಗದೆಯೇ ಕೇಳಿದಳು.

'ಬೇರೂರಿದ್ದು? ಅದೂ ನಿಂದಽ?'

'ಹೂಂ.'

'ತಲಿ ಕೆಟ್ಟದ್ದು?'

'ಅದೂ ನಂದಽ ಯವ್ವಾ.'

'ತಪ್ಪು ಹೊಟ್ಟ್ಯಾಗ ಹಾಕ್ಕೊಳ್ಳೂದು?'

ಅದು ವಹಿಯ ನಲವತ್ತೊಂದನೆಯ ಮಾತು. ಹಾಯ್ದು ಬಂದ ನೀರನ್ನು ದೋಣಿ ಗೊಣಗದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಅದರಿಂದ ಬಂದ ಮಾತು ಎಂದು ಸೋಮನಿಂಗ ಬರೆಸಿದ್ದ. ಈಗ ಏನು ಹೇಳಿದರೂ ನಂಬುವವರಾರು? ಇದೂ ನನ್ನದೇ ಎಂದುಬಿಟ್ಟರೆ ಎಲ್ಲ ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು. ಆದರೆ ಅವನದಲ್ಲದ್ದನ್ನು ಅವನದೆನ್ನಲು ನಾಲಿಗೆ ಹೊರಳಲಿಲ್ಲ.

'ಅದೊಂದು ನಂದಲ್ಲ' ಎಂದ. 'ಗುರಣ್ಣ ದೋಣ್ಯಾಗ ಮಾತಾಡತಿದ್ದಿಲ್ಲ. ತೆರಿ ಒಳಗ ಬಂದಾಗ ಮಾತ್ರ ಹಲಗಿ ಮ್ಯಾಲೆ ಕೈ ಆಡಿಸಿ, ಹೊಟ್ಟ್ಯಾಗ ಹಾಕ್ಕೊ ನಮ್ಮವ್ವಾ, ಅಂತಿದ್ದ. ಉಳದದ್ದು ನಾ ಕೂಡಿಸಿದ್ದು. ಆ ಮಾತು ಅವಂದು. ನೀ ನಂಬ್ತಿ ಬಿಡ್ತಿ, ಖರೇ ಇಷ್ಟಽ.'

ಮಾಲಾ ತಿರುಗಿ ಕುಳಿತಳು.

'ಇಂದ್ರಾಬಾಯಿ ಆಯಿನೂ ಇದನ್ನಽ ಅಂದ್ಳು. ನನ್ನ ಗಂಡ ದೋಣ್ಯಾಗ ಆಡಿದ್ದು ಒಂದಽ ಮಾತು ಅಂತ. ಅದನ್ನೂ ನಂದು ಅಂದಿದ್ರ, ಅಪ್ಪಾ, ನಾ ಇನ್ನ ನಿನ್ನ ದೋಣಿ ಹತ್ತತಿದ್ದಿಲ್ಲ.'

ಸೋಮನಿಂಗ ಮೋಟಾರಿನ ವೇಗ ತಗ್ಗಿಸಿದ.

'ಸರ ಪುಸ್ತಕದಾಗ ಅದೊಂದನ್ನ ಹಾಕ್ತಾರಂತ' ಎಂದಳು. 'ದೋಣ್ಯಾಗ ಹುಟ್ಟಿದ ಮಾತು ಅಂತಲ್ಲ. ಅಂಬಿಗರ ಗುರಣ್ಣ ತನ್ನ ದೋಣಿಗೆ ಹಿಂಗ ಅಂತಿದ್ದ, ಅಂತ ಅಷ್ಟಽ. ಒಂದು ಸಾಲು. ಕೆಳಗ ನನ್ನ ಹೆಸರು.'

'ಉಳದ ನಲವತ್ತು?'

ಮಾಲಾ ವಹಿ ಹೊರಗೆ ತೆಗೆದಳು. ನೀರಿಗೆ ಎಸೆಯುತ್ತಾಳೆಂದು ಅವನು ಕಣ್ಣು ಮುಚ್ಚಿದ. ಅವಳು ಎದ್ದು ಬಂದು, ಜಾಕೀಟುಗಳನ್ನಿಡುವ ಪೆಟ್ಟಿಗೆಯೊಳಗೆ ಅದನ್ನಿಟ್ಟು ಮುಚ್ಚಳ ಹಾಕಿದಳು. 'ಅವು ದೋಣ್ಯಾಗಽ ಇರಲಿ. ನಾಳೆ ಮಂದೀನ ಕುಂಡ್ರಸಾಕ ಬೇಕಲ್ಲ. ಆದ್ರ ಗುರಣ್ಣನ ಹೆಸರು ಹೇಳಬ್ಯಾಡ, ನಿನ್ನ ಹೆಸರಲೆ ಹೇಳು. ಮತ್ತ ನನ್ನ ಸಿಟ್ಟು ಇಳದಿಲ್ಲ, ತಿಳೀತಾ?'

ಅಷ್ಟರಲ್ಲಿ ಮಗ್ಗುಲಿನಿಂದ ಒಂದು ತೆರೆ ಬಂದು ಇಬ್ಬರ ಕಾಲನ್ನೂ ತೋಯಿಸಿತು. ಸೋಮನಿಂಗ ರೂಢಿಯಂತೆ ಹಲಗೆಯ ಮೇಲೆ ಕೈ ಆಡಿಸಿದ. 'ಹೊಟ್ಟ್ಯಾಗ ಹಾಕ್ಕೊ ನಮ್ಮವ್ವಾ' ಎಂದ.

'ದೋಣಿಗಂದ್ಯೋ, ನನಗಂದ್ಯೋ?'

'ಇಬ್ಬರಿಗೂ' ಎಂದ ಸೋಮನಿಂಗ.

ಮಾಲಾ ಕಾಲ ಬುಡದಲ್ಲಿದ್ದ ತಗಡಿನ ಡಬ್ಬಿ ಎತ್ತಿಕೊಂಡು ದೋಣಿಯ ನೀರು ತೋಡತೊಡಗಿದಳು.